ದೇವನಗೊಂದಿ ತೈಲ ಡಿಪೋ ಪಕ್ಕದಲ್ಲೇ ಇದ್ದರೂ ಕೋಲಾರದಲ್ಲಿ ಪೆಟ್ರೋಲ್ ಬೆಲೆ ಯಾಕೆ ಇಳಿಯಲ್ಲ? ಹೊಲದಲ್ಲಿ ಪೈಪ್‌ಲೈನ್ ಹಾದರೆ ಏನು ಗತಿ?

ಮಾಲೂರು ಮಣ್ಣು ಕೇಳಿದ್ದು:

ಮಾಲೂರು ತಾಲ್ಲೂಕಿನಲ್ಲಿ ಪೆಟ್ರೋಲ್, ಡೀಸೆಲ್ ಸಾಗಿಸುವ ಹೊಸ ಪೈಪ್‌ಲೈನಿಗೆ ಸರ್ವೆ ನಡೀತಿದೆ. ಹೊಲಗಳಲ್ಲಿ ಬಣ್ಣದ ಗೂಟ ಬಿದ್ದಿವೆ, ಗೆಜೆಟ್ ಪ್ರಕಟಣೆ ಸದ್ಯದಲ್ಲೇ ಬರುತ್ತೆ ಅಂತಿದ್ದಾರೆ. ಊರಲ್ಲಿ ಎರಡು ಗುಂಪಾಗಿದೆ. "ಪೈಪು ಬಂದರೆ ರೋಡಲ್ಲಿ ಟ್ಯಾಂಕರ್ ಕಾಟ ತಪ್ಪುತ್ತೆ, ಯುದ್ಧಗಿದ್ಧ ಆದಾಗ ಎಣ್ಣೆಗೆ ಪರದಾಡೋದು ತಪ್ಪುತ್ತೆ, ಬೆಲೆನೂ ಇಳಿಯುತ್ತೆ" ಅನ್ನೋರು ಒಂದು ಕಡೆ. "ಮಂಗಳೂರು ಪೈಪು 2003ರಿಂದ ಪಕ್ಕದ ದೇವನಗೊಂದಿಗೇ ಬಂದು ಬೀಳ್ತಿದೆ, ಕೋಲಾರದಲ್ಲಿ ಬೆಲೆ ಯಾವತ್ತು ಇಳೀತು ತೋರಿಸಿ" ಅನ್ನೋರು ಇನ್ನೊಂದು ಕಡೆ.

ಕೂಗಾಟ ಬಿಟ್ಟು ಲೆಕ್ಕ ಬಲ್ಲವರು ಹೇಳಿ. ಬೆಲೆಗೂ ಪೈಪಿಗೂ ಸಂಬಂಧ ಇದೆಯಾ? ಪೈಪು ಹಾದ ಮೇಲೆ ಹೊಲದಲ್ಲಿ ಏನು ಬೆಳೀಬಹುದು, ಬೋರ್ ಕೊರೆಸಬಹುದಾ, ದುಡ್ಡು ಎಷ್ಟು ಬರುತ್ತೆ? ತಕರಾರು ಎಲ್ಲಿ, ಯಾವಾಗ ಹಾಕಬೇಕು? ಸೋರಿದರೆ ಅಥವಾ ಕಳ್ಳರು ಕೊರೆದರೆ ಹೊಲದವನ ತಲೆಗೆ ಬರುತ್ತಾ?

ಬಂಕ್ ಲೆಕ್ಕ ಉತ್ತರ:

ಬೆಲೆಯ ಪ್ರಶ್ನೆ ಮೊದಲು ಮುಗಿಸಿಬಿಡೋಣ, ಅದು ಸುಲಭ.

2025ರ ಏಪ್ರಿಲ್ ಎರಡನೇ ವಾರದ ನಂತರದ ಲೆಕ್ಕ ಹಿಡಿಯಿರಿ. ಆಗ ಬೆಂಗಳೂರಿನಲ್ಲಿ ಪೆಟ್ರೋಲ್ 103 ರೂಪಾಯಿ ಆಸುಪಾಸು ಇತ್ತು. ಅದರಲ್ಲಿ ಕೇಂದ್ರದ ಅಬಕಾರಿ ಸುಂಕ 21.90 ರೂ. ರಾಜ್ಯದ ಮಾರಾಟ ತೆರಿಗೆ ಶೇ 29.84, ಅಂದರೆ 22–23 ರೂ. ಡೀಲರ್ ಕಮಿಷನ್ ನಾಲ್ಕು ರೂಪಾಯಿ ಚಿಲ್ಲರೆ. ಉಳಿದ ಐವತ್ತು ಚಿಲ್ಲರೆಯಲ್ಲಿ ಕಚ್ಚಾ ತೈಲ, ಸಂಸ್ಕರಣೆ, ಹಡಗು, ಪೈಪು, ಲಾರಿ, ಕಂಪನಿ ಲಾಭ ಎಲ್ಲಾ ಬಂತು.

ಈಗ ಲಾರಿ ಬಾಡಿಗೆ ಒಂದನ್ನೇ ಬಿಡಿಸಿ ನೋಡಿ. ಒಂದು ಕಿಲೋಲೀಟರ್ ಸರಕನ್ನು ಒಂದು ಕಿಲೋಮೀಟರ್ ಒಯ್ಯಲು ಮೂರು ರೂಪಾಯಿ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ದೇವನಗೊಂದಿಯಿಂದ ಕೋಲಾರದ ಬಂಕಿಗೆ 50 ಕಿ.ಮೀ. ಅಂದರೆ 150 ರೂ. ಅದನ್ನು ಸಾವಿರ ಲೀಟರಿಗೆ ಹಂಚಿದರೆ ಲೀಟರಿಗೆ 15 ಪೈಸೆ. ತುಮಕೂರಿಗೆ 100 ಕಿ.ಮೀ. ಹಿಡಿದರೆ 30 ಪೈಸೆ. ಪಾವಗಡಕ್ಕೆ ನೂರೈವತ್ತು ದಾಟುತ್ತದೆ, ಅಲ್ಲಿಗೂ ಅರ್ಧ ರೂಪಾಯಿಯ ಆಚೀಚೆ. ಡಿಪೋ ಹತ್ತಿರ ಇದ್ದುದರ ಲಾಭ ಇಷ್ಟೇ, ಅದೂ ಬೆಲೆಯ ಬೋರ್ಡಿನಲ್ಲಿ ಚುಕ್ಕೆಯಾದ ಮೇಲಿನ ಅಂಕಿಗಳಲ್ಲಿ ಕಾಣುತ್ತದೆ.

ಅದೇ 2024ರ ಜೂನ್ 15ರಂದು ರಾಜ್ಯ ಸರ್ಕಾರ ಪೆಟ್ರೋಲಿನ ತೆರಿಗೆಯನ್ನು ಶೇ 25.92ರಿಂದ 29.84ಕ್ಕೂ, ಡೀಸೆಲಿನದನ್ನು 14.34ರಿಂದ 18.44ಕ್ಕೂ ಏರಿಸಿತು. ಲೀಟರಿಗೆ ಮೂರು ರೂಪಾಯಿ ಏರಿಕೆ ರಾತ್ರೋರಾತ್ರಿ. 2025ರ ಏಪ್ರಿಲ್ 1ರಿಂದ ಡೀಸೆಲ್ ತೆರಿಗೆ ಶೇ 21.17 ಆಯಿತು, ಮತ್ತೆ ಎರಡು ರೂಪಾಯಿ. ಅದೇ ತಿಂಗಳು 8ಕ್ಕೆ ಕೇಂದ್ರವೂ ಅಬಕಾರಿ ಸುಂಕ ಎರಡು ರೂಪಾಯಿ ಏರಿಸಿತು, ಆದರೆ ಅದು ಬಂಕಿನ ಬೆಲೆಗೆ ಬರಲಿಲ್ಲ. ಕಚ್ಚಾ ತೈಲ ಇಳಿದಿತ್ತು, ಕಂಪನಿಗಳು ನುಂಗಿಕೊಂಡವು. ನಮ್ಮ ಜೇಬಿಗೆ ಬರಬಹುದಾಗಿದ್ದ ಇಳಿಕೆ ಅಲ್ಲೇ ನಿಂತಿತು ಅಂತಲೂ ಓದಿಕೊಳ್ಳಬಹುದು.

ಪೈಪಿನ ಬಾಡಿಗೆ ಬಗ್ಗೆ ಇನ್ನೊಂದು ಮಾತು, ಇದು ಹೆಚ್ಚಿನವರಿಗೆ ಗೊತ್ತಿಲ್ಲ. ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ ಉತ್ಪನ್ನ ಪೈಪ್‌ಲೈನುಗಳ ಸಾಗಣೆ ದರವನ್ನು ಅಷ್ಟೇ ದೂರದ ರೈಲು ದರದ ಶೇ 75ಕ್ಕೆ ಹೊಂದಿಸುವ ಪದ್ಧತಿಯನ್ನು 2010ರಲ್ಲೇ ತಂದಿತು. ಪಂಪು ಓಡಿಸುವ ಕರೆಂಟು, ನಿರ್ವಹಣೆ ಎಲ್ಲಾ ಸೇರಿ ಅಸಲು ಖರ್ಚು ಎಷ್ಟೇ ಕಡಿಮೆ ಬಿದ್ದರೂ ದರ ರೈಲಿನ ಬಾಲ ಹಿಡಿದೇ ಹೋಗುತ್ತದೆ. ಉಳಿತಾಯ ಇದೆ, ಖಂಡಿತ ಇದೆ. ಅದು ಕಂಪನಿಯ ಖಾತೆಯಲ್ಲಿ ಇರುತ್ತದೆ. ಬೆಲೆ ಇಳಿಯುತ್ತೆ ಅಂತ ಹೇಳಿ ಯಾರಾದರೂ ಸಹಿ ಕೇಳಿದರೆ ಆ ಮಾತನ್ನು ಪಕ್ಕಕ್ಕಿಡಿ.

ಗೌರಿಬಿದನೂರು ಗೇಟ್ ಉತ್ತರ:

ಬಂಕ್ ಲೆಕ್ಕ ಅಣ್ಣ ಹೇಳಿದ್ದಕ್ಕೆ ಸಾಕ್ಷಿ ಬೇಕಾದರೆ ಹಿಂದೂಪುರದ ರಸ್ತೆಗೆ ಬನ್ನಿ. ಆಂಧ್ರದಲ್ಲಿ ಪೆಟ್ರೋಲಿಗೆ ಶೇ 31 ವ್ಯಾಟ್, ಅದರ ಮೇಲೆ ಲೀಟರಿಗೆ 4 ರೂ., ಅದರ ಮೇಲೆ ರಸ್ತೆ ಸೆಸ್ 1 ರೂ. ಗಡಿ ದಾಟಿದರೆ ಐದಾರು ರೂಪಾಯಿ ಜಾಸ್ತಿ. ಹಾಗಾಗಿ ಗೌರಿಬಿದನೂರು, ಬಾಗೇಪಲ್ಲಿ, ಮುಳಬಾಗಿಲು ಕಡೆ ಗಡಿ ಬಂಕುಗಳಲ್ಲಿ ಆಂಧ್ರ ನಂಬರಿನ ಗಾಡಿಗಳೇ ಸಾಲುಗಟ್ಟಿರುತ್ತವೆ, "ಕರ್ನಾಟಕದ ಕೊನೆಯ ಬಂಕ್" ಅಂತ ಬೋರ್ಡು ಬೇರೆ. ನಾಲ್ಕು ಕಿ.ಮೀ.ಗೆ ಐದು ರೂಪಾಯಿ ವ್ಯತ್ಯಾಸ ಮಾಡುವ ಶಕ್ತಿ ತೆರಿಗೆಗೆ ಬಿಟ್ಟರೆ ಇನ್ಯಾವುದಕ್ಕೂ ಇಲ್ಲ.

ಕಡತ ಕಂತೆ ಉತ್ತರ:

ಮಾಲೂರು ಮಣ್ಣು ಅವರೇ, ನಿಮಗೆ ಅನ್ವಯಿಸುವುದು 1962ರ ಪೆಟ್ರೋಲಿಯಂ ಮತ್ತು ಖನಿಜ ಪೈಪ್‌ಲೈನುಗಳ (ಜಮೀನಿನಲ್ಲಿ ಬಳಕೆ ಹಕ್ಕಿನ ಸ್ವಾಧೀನ) ಕಾಯ್ದೆ. ಇದು 2013ರ ಭೂಸ್ವಾಧೀನ ಕಾಯ್ದೆ ಅಲ್ಲ. ಊರಿನ ಸಭೆಗಳಲ್ಲಿ ಇವೆರಡನ್ನೂ ಕಲಸಿಕೊಂಡು "ನಾಲ್ಕು ಪಟ್ಟು ಕೊಡಬೇಕು" ಅಂತ ಮಾತಾಡಿ ಆಮೇಲೆ ನಿರಾಶರಾಗುವುದೇ ಹೆಚ್ಚು. ಇಲ್ಲಿ ಜಮೀನು ನಿಮ್ಮದೇ, ಪಹಣಿ ನಿಮ್ಮ ಹೆಸರಲ್ಲೇ. ನೆಲದಡಿ ಪೈಪು ಹಾಕಿ ನೋಡಿಕೊಳ್ಳುವ ಬಳಕೆ ಹಕ್ಕು ಮಾತ್ರ ಅವರಿಗೆ ಹೋಗುತ್ತದೆ, ಪಹಣಿಯ ಋಣ ಮತ್ತು ಇತರ ಹಕ್ಕುಗಳ ಕಲಂಗೆ ಅದು ಏರುತ್ತದೆ. ಬ್ಯಾಂಕ್ ಸಾಲಕ್ಕೋ ಮಾರಾಟಕ್ಕೋ ಹೋದಾಗ ಆ ಸಾಲನ್ನು ಎದುರಿನವರು ಓದಿಯೇ ಓದುತ್ತಾರೆ.

ಗೂಟ ಬಿದ್ದ ಮಾತ್ರಕ್ಕೆ ಏನೂ ಆಗಿಲ್ಲ. ಕಲಂ 3(1)ರ ಅಧಿಸೂಚನೆ ಗೆಜೆಟ್‌ನಲ್ಲಿ ಬರಬೇಕು, ಸರ್ವೆ ನಂಬರ್‌ವಾರು ವಿಸ್ತೀರ್ಣ ಅದರಲ್ಲಿರುತ್ತದೆ. ಆ ಗೆಜೆಟ್ ಪ್ರತಿ ಸಾರ್ವಜನಿಕರಿಗೆ ಸಿಗುವಂತಾದ ದಿನದಿಂದ 21 ದಿನದೊಳಗೆ ಸಕ್ಷಮ ಪ್ರಾಧಿಕಾರಿಗೆ (ಈ ಕಾಯ್ದೆಯಡಿ ನೇಮಕವಾದ ಅಧಿಕಾರಿ) ಲಿಖಿತ ಆಕ್ಷೇಪಣೆ ಹೋಗಬೇಕು. ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸುಮ್ಮನಾದರೆ ಅದು ಲೆಕ್ಕಕ್ಕಿಲ್ಲ. ಸಕ್ಷಮ ಪ್ರಾಧಿಕಾರಿಯ ಕಚೇರಿಯ ವಿಳಾಸ ಅಧಿಸೂಚನೆಯಲ್ಲೇ ಇರುತ್ತದೆ, ಅಲ್ಲಿಗೆ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ, ಇಲ್ಲವೇ ರಿಜಿಸ್ಟರ್ಡ್ ಪೋಸ್ಟ್ ಮಾಡಿ. ಆಕ್ಷೇಪಣೆ ಹಾಕಿದವರ ಮಾತು ಖುದ್ದಾಗಿಯೋ ವಕೀಲರ ಮೂಲಕವೋ ಕೇಳಲೇಬೇಕು. ಅದಾದ ಮೇಲೆ ಕಲಂ 6ರ ಘೋಷಣೆ, ಅಲ್ಲಿಗೆ ಹಕ್ಕು ಹೋಯಿತು. 3(1) ಆದ ಒಂದು ವರ್ಷದೊಳಗೆ ಕಲಂ 6 ಆಗದಿದ್ದರೆ ಆ ಜಮೀನಿನ ಮಟ್ಟಿಗೆ ಮೊದಲ ಅಧಿಸೂಚನೆಯೇ ಬಿದ್ದುಹೋಗುತ್ತದೆ. ಈ ತಾರೀಕು ಡೈರಿಯಲ್ಲಿ ಬರೆದಿಡಿ.

"ಪೈಪ್‌ಲೈನೇ ಬೇಡ" ಅನ್ನುವ ಆಕ್ಷೇಪಣೆ ನಿಲ್ಲುವುದು ಕಷ್ಟ. ನಿಲ್ಲುವಂಥವು ಕಲಂ 7ರಲ್ಲಿವೆ. ಅಧಿಸೂಚನೆಗೆ ಮುಂಚೆ ವಾಸಕ್ಕೆ ಬಳಸುತ್ತಿದ್ದ ಜಾಗ, ಕಾಯಂ ಕಟ್ಟಡ ಇರುವ ಜಾಗ, ಮನೆಗೆ ಹೊಂದಿಕೊಂಡ ಹಿತ್ತಲು, ಇವುಗಳ ಅಡಿಯಲ್ಲಿ ಪೈಪು ಹಾಕುವಂತಿಲ್ಲ. ಒಂದು ಮೀಟರಿಗಿಂತ ಕಡಿಮೆ ಆಳದಲ್ಲೂ ಹಾಕುವಂತಿಲ್ಲ. ಆದ್ದರಿಂದ ತೋಟದ ಮನೆ, ಪಂಪ್‌ಹೌಸ್, ದನದ ಕೊಟ್ಟಿಗೆ, ಚಾಲ್ತಿ ಬೋರ್‌ವೆಲ್ ಇವೆಲ್ಲ ಎಲ್ಲಿವೆ ಅನ್ನುವುದನ್ನು ಸ್ಕೆಚ್ ಸಮೇತ, ತಾರೀಕಿರುವ ಫೋಟೋ ಸಮೇತ ಹಾಕಿ, ಪರ್ಯಾಯ ಮಾರ್ಗ ಕೇಳಿ. ಕೊಯಮತ್ತೂರು, ತಿರುಪ್ಪೂರು ಭಾಗದ ರೈತರು ಇರುಗೂರು–ದೇವನಗೊಂದಿ ಪೈಪ್‌ಲೈನ್ ವಿಷಯದಲ್ಲಿ ಹಿಡಿದ ಪಟ್ಟೂ ಇದೇ: ಹೊಲ ಬಿಟ್ಟು ಹೆದ್ದಾರಿ ಬದಿಯಲ್ಲಿ ಹಾಕಿ.

ದುಡ್ಡು ಎರಡು ಬಗೆ. ಕೆಲಸದ ವೇಳೆ ಆಗುವ ಬೆಳೆ, ಮರ, ಬದು, ಪೈಪು, ಕಟ್ಟಡದ ನಷ್ಟ ಪೂರ್ತಿ. ಅದರ ಜೊತೆಗೆ ಬಳಕೆ ಹಕ್ಕಿಗೆ, 3(1) ಅಧಿಸೂಚನೆಯ ದಿನದ ಮಾರುಕಟ್ಟೆ ಬೆಲೆಯ ಶೇ 10. ಲೆಕ್ಕ ಹೀಗೆ: ಪೈಪಿಗಾಗಿ ಬಳಕೆ ಹಕ್ಕು ಪಡೆಯುವ ನೆಲದ ಪಟ್ಟಿಯ ಅಗಲ 18 ಮೀಟರ್, ನಿಮ್ಮ ಹೊಲದಲ್ಲಿ ಉದ್ದ 120 ಮೀಟರ್ ಅಂದರೆ 2,160 ಚದರ ಮೀಟರ್, ಸುಮಾರು 21 ಗುಂಟೆ. ಎಕರೆಗೆ 40 ಲಕ್ಷ ಅಂತ ನಿಗದಿಯಾದರೆ ಗುಂಟೆಗೆ ಒಂದು ಲಕ್ಷ, 21 ಲಕ್ಷದ ಶೇ 10 ಅಂದರೆ 2.1 ಲಕ್ಷ. ಒಂದೇ ಸಲ. ಜಗಳ ಇರುವುದು ಆ "ಎಕರೆಗೆ ಎಷ್ಟು" ಅನ್ನುವುದರಲ್ಲಿ. ಮಾರ್ಗಸೂಚಿ ಬೆಲೆಗೆ ನಿಲ್ಲಿಸಲು ನೋಡುತ್ತಾರೆ. ಅಕ್ಕಪಕ್ಕದ ಇತ್ತೀಚಿನ ಕ್ರಯಪತ್ರಗಳ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ತೆಗೆಸಿ ಈಗಲೇ ಇಟ್ಟುಕೊಳ್ಳಿ. ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಅರ್ಜಿ.

ಬೆಳೆ ನಷ್ಟಕ್ಕೆ ಪಂಚನಾಮೆಯೇ ಜೀವ. ಪಹಣಿಯಲ್ಲಿ ರಾಗಿ ಅಂತಿದ್ದು ಹೊಲದಲ್ಲಿ ಟೊಮೆಟೊ ಇದ್ದರೆ ರಾಗಿ ದುಡ್ಡೇ ಬರುತ್ತದೆ. ಬೆಳೆ ಸಮೀಕ್ಷೆಯಲ್ಲಿ ಈ ಹಂಗಾಮಿನ ಬೆಳೆ ಸರಿಯಾಗಿ ಏರಿದೆಯಾ ನೋಡಿ. ಮಾವಿನ ಮರಗಳನ್ನು ಎಣಿಕೆ ಮಾತ್ರವಲ್ಲ, ವಯಸ್ಸು, ತಳಿ, ಸುತ್ತಳತೆ ಸಮೇತ ಬರೆಸಿ. ಖಾಲಿ ಪಂಚನಾಮೆ ಹಾಳೆಗೆ ಸಹಿ ಹಾಕಬೇಡಿ ಅಂತ ಹೇಳುವುದೇ ಬೇಡ, ಆದರೂ ಹಾಕುವವರು ಹಾಕುತ್ತಲೇ ಇರುತ್ತಾರೆ.

ಪಾವಗಡ ಬಿಸಿಲು ಉತ್ತರ:

ಈ ಶೇ 10ರ ಲೆಕ್ಕವೇ ನನಗೆ ಒಪ್ಪಿಗೆಯಿಲ್ಲ. ನಮ್ಮ ತಿರುಮಣಿ ಸೋಲಾರ್ ಪಾರ್ಕಿನಲ್ಲಿ ಜಮೀನು ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂ., ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಅದೂ ಇಂಧನದ ಯೋಜನೆ, ಇದೂ ಇಂಧನದ ಯೋಜನೆ. ಪೈಪು ಮೂವತ್ತು ನಲವತ್ತು ವರ್ಷ ಹೊಲದಡಿ ದುಡಿಯುತ್ತದೆ, ಹೊಲದವನಿಗೆ ಒಂದು ಸಲದ ಚೆಕ್ಕು. ವರ್ಷದ ಬಾಡಿಗೆ ಕೊಟ್ಟು ನೋಡಲಿ, ವಿರೋಧ ಅರ್ಧಕ್ಕರ್ಧ ಕರಗುತ್ತದೆ.

ಕಡತ ಕಂತೆ ಉತ್ತರ:

ಪಾವಗಡದವರ ಮಾತಿನಲ್ಲಿ ನ್ಯಾಯ ಇದೆ. ಒಂದು ವ್ಯತ್ಯಾಸ ಮಾತ್ರ: ಸೋಲಾರಿಗೆ ಕೊಟ್ಟವನು ಅಲ್ಲಿ ಏನೂ ಬೆಳೆಯುವಂತಿಲ್ಲ, ಇಲ್ಲಿ ಮುಂದಿನ ಹಂಗಾಮಿಗೆ ರಾಗಿ ಹಾಕಬಹುದು. ಹಾಗಂತ ಶೇ 10 ಸರಿ ಅಂತಲ್ಲ. ರಸ್ತೆ ಬದಿಯ ಜಮೀನಿಗೆ, ನಾಳೆ ಲೇಔಟ್ ಆಗುವ ಜಮೀನಿಗೆ ಇದು ಶುದ್ಧ ಅನ್ಯಾಯ, ಯಾಕೆಂದರೆ ಆ 18 ಮೀಟರಿನಲ್ಲಿ ಸೈಟೇ ಮಾಡಲಾಗದು. ಆದರೆ ಅದು ಕಾಯ್ದೆ ತಿದ್ದುಪಡಿಯ ಮಾತು, ಸಕ್ಷಮ ಪ್ರಾಧಿಕಾರಿಯ ಮುಂದೆ ನಡೆಯಲ್ಲ.

ಲೈನ್ ಪೆಟ್ರೋಲ್ ಉತ್ತರ:

ಕಾಯ್ದೆ ಆಯಿತು, ಈಗ ಮಣ್ಣಿನ ಕೆಲಸ.

ಕಲಂ 9ರ ಪ್ರಕಾರ ಆ ಪಟ್ಟಿಯಲ್ಲಿ ಕಟ್ಟಡ ಕಟ್ಟುವಂತಿಲ್ಲ, ಬಾವಿ, ಕುಂಟೆ, ತೊಟ್ಟಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಬೋರ್‌ವೆಲ್ ಬಾವಿಯ ಲೆಕ್ಕಕ್ಕೆ, ಕೃಷಿ ಹೊಂಡ ಕುಂಟೆಯ ಲೆಕ್ಕಕ್ಕೆ, ಪಾಲಿಹೌಸ್ ಕಟ್ಟಡದ ಲೆಕ್ಕಕ್ಕೆ ಬರುತ್ತವೆ. ರಾಗಿ, ಟೊಮೆಟೊ, ಆಲೂಗಡ್ಡೆ, ಸೊಪ್ಪು, ಹೂವು ಯಾವುದಕ್ಕೂ ತೊಂದರೆಯಿಲ್ಲ. ಮಾವು, ನೀಲಗಿರಿ, ಹಲಸು ಬೇಡವೇ ಬೇಡ. ಬೇರು ಪೈಪಿನ ಮೇಲಿನ ಪಾಲಿಥಿನ್ ಲೇಪ ಎಬ್ಬಿಸುತ್ತದೆ, ಲೇಪ ಎದ್ದ ಕಡೆ ತುಕ್ಕು ಶುರು. ಡ್ರಿಪ್ ಲ್ಯಾಟರಲ್ ನೆಲದ ಮೇಲೆ ಹಾಸಿಕೊಳ್ಳಿ. ಡ್ರಿಪ್ಪಿನ ಮೇನ್ ಲೈನನ್ನು ಎಣ್ಣೆ ಪೈಪಿಗೆ ಅಡ್ಡ ದಾಟಿಸಬೇಕಾದರೆ ಮಾತ್ರ ಕಂಪನಿಗೆ ತಿಳಿಸಿ, ಅವರ ಮನುಷ್ಯ ನಿಂತಿರುವಾಗ ಗುದ್ದಲಿಯಲ್ಲಿ ತೋಡಿ. ಬೋರ್ ಲಾರಿ ಪಟ್ಟಿಯ ಮೇಲೆ ದಾಟುವುದೂ ಸಲ್ಲ, ಮಳೆಗಾಲದಲ್ಲಿ ಆ ತೂಕಕ್ಕೆ ಚಕ್ರ ಅರ್ಧ ಮೀಟರ್ ಹೂತುಕೊಳ್ಳುತ್ತದೆ.

ಕೆಲಸ ನಡೆಯುವಾಗ ಹೊಲದವನು ಕಣ್ಣಿಟ್ಟು ನೋಡಬೇಕಾದದ್ದು ಮೇಲ್ಮಣ್ಣು. ಮೇಲಿನ ಒಂದಡಿ ಕೆಮ್ಮಣ್ಣನ್ನು ಮೊದಲು ಕೆರೆದು ಒಂದು ಕಡೆ ಗುಡ್ಡೆ ಹಾಕಬೇಕು, ಕೆಳಗಿನ ಗರಸು, ಸುಣ್ಣಕಲ್ಲು ಬಂದದ್ದನ್ನು ಇನ್ನೊಂದು ಕಡೆ. ಮುಚ್ಚುವಾಗ ಗರಸು ಕೆಳಗೆ, ಕೆಮ್ಮಣ್ಣು ಮೇಲೆ. ಗುತ್ತಿಗೆದಾರನ ಹಿಟಾಚಿಯವನು ಗಡಿಬಿಡಿಯಲ್ಲಿ ಎರಡನ್ನೂ ಒಂದೇ ಗುಡ್ಡೆ ಮಾಡಿದರೆ ಆ ಪಟ್ಟಿಯಲ್ಲಿ ಎರಡು ಮೂರು ವರ್ಷ ಪೈರು ಏಳಲ್ಲ, ಹಳದಿ ಗೆರೆ ಎಳೆದ ಹಾಗೆ ದೂರದಿಂದಲೇ ಕಾಣುತ್ತದೆ. ಮೇಲ್ಮಣ್ಣು ಬೇರೆ ಇಡುವುದಾಗಿ ಪಂಚನಾಮೆಯಲ್ಲಿ ಬರೆಸಿ, ಮುಚ್ಚುವ ದಿನ ಹಾಜರಿರಿ. ಮುಚ್ಚಿದ ಕಂದಕದ ಮೇಲೆ ಸ್ವಲ್ಪ ದಿಬ್ಬ ಬಿಡುತ್ತಾರೆ, ಅದು ಬೇಕು. ಮೊದಲ ಮಳೆಗೆ ಕುಸಿದು ಸಮವಾಗುತ್ತದೆ. ಸಮಕ್ಕಿಂತ ಕೆಳಗಿಳಿದು ನೀರು ನಿಂತರೆ ಬರೆದು ಕೊಟ್ಟು ಮಣ್ಣು ಹಾಕಿಸಿ. ಕಡಿದ ಬದುಗಳನ್ನು ಮೊದಲಿನ ಮಟ್ಟಕ್ಕೆ ಕಟ್ಟಿಕೊಡುವುದು ಅವರ ಕೆಲಸ, ಇಳಿಜಾರು ಹೊಲದಲ್ಲಿ ಇದನ್ನು ಬಿಟ್ಟರೆ ಒಂದು ಮಳೆಗೆ ಕೊರಕಲು ಬೀಳುತ್ತದೆ.

ಕೋಲಾರ ಜಿಲ್ಲೆಯಲ್ಲಿ ಬಂಡೆ ಸಿಗದೆ ಇರಲ್ಲ. ಬಂಡೆ ಕೊರೆದ ಕಡೆ ಪೈಪಿನ ಸುತ್ತ ಕನಿಷ್ಠ 150 ಮಿ.ಮೀ. ಮೆತ್ತನೆ ಮಣ್ಣು ಅಥವಾ ಮರಳು ತುಂಬಬೇಕು, ಚೂಪುಕಲ್ಲು ನೇರ ಕೂತರೆ ಲೇಪ ಹರಿಯುತ್ತದೆ. ಸಿಡಿಮದ್ದು ಬಳಸುವುದಾದರೆ ಹತ್ತಿರದ ಬೋರ್‌ವೆಲ್‌ಗಳ ಇಳುವರಿಯನ್ನು ಮುಂಚೆಯೇ ಅಳೆದು, ಇಷ್ಟು ಇಂಚು ನೀರು ಅಂತ ಪಂಚನಾಮೆಗೆ ಸೇರಿಸಿ. ಆಮೇಲೆ "ಬೋರ್ ಬತ್ತಿತು" ಅಂದರೆ ಕೇಳುವವರಿರಲ್ಲ.

ಇನ್ನೊಂದು ನೀರಿನ ವಿಷಯ. ಎಣ್ಣೆ ಬಿಡುವ ಮುಂಚೆ ಪೈಪಿಗೆ ನೀರು ತುಂಬಿ, ವಿನ್ಯಾಸದ ಒತ್ತಡದ ಒಂದೂಕಾಲು ಪಟ್ಟು ಏರಿಸಿ 24 ಗಂಟೆ ಹಿಡಿದು ಪರೀಕ್ಷಿಸುತ್ತಾರೆ. 20 ಇಂಚಿನ ಪೈಪಿಗೆ ಕಿಲೋಮೀಟರಿಗೆ ಸುಮಾರು 190 ಸಾವಿರ ಲೀಟರ್ ಬೇಕು. ಹತ್ತು ಕಿ.ಮೀ. ತುಂಡಿಗೆ 19 ಲಕ್ಷ ಲೀಟರ್. ನಮ್ಮ ಕಡೆ ಅಷ್ಟು ನೀರು ಯಾವ ಕೆರೆಯಿಂದ, ಯಾರ ಅನುಮತಿಯಿಂದ, ಪರೀಕ್ಷೆ ಆದಮೇಲೆ ಎಲ್ಲಿಗೆ ಬಿಡುತ್ತಾರೆ ಅಂತ ಗ್ರಾಮ ಪಂಚಾಯಿತಿ ಮೊದಲೇ ಕೇಳಲಿ. ಹೊರಬರುವ ನೀರಿನಲ್ಲಿ ತುಕ್ಕು ಇರುತ್ತದೆ, ತುಕ್ಕು ತಡೆಯುವ ರಾಸಾಯನಿಕ ಬೆರೆಸಿದ್ದರೆ ಅದೂ ಇರುತ್ತದೆ. ಹಾಗೇ ಕೆರೆಗೆ ಬಿಡಲು ಬಿಡಬಾರದು.

ಚಿಂತಾಮಣಿ ಚಕ್ರ ಕೇಳಿದ್ದು:

ಒಂದು ಅನುಮಾನ ಸಾರ್. ಒಂದೇ ಪೈಪಲ್ಲಿ ಪೆಟ್ರೋಲ್ ಹಿಂದೆ ಡೀಸೆಲ್ ಕಳಿಸ್ತಾರಂತೆ. ಬೆರಕೆ ಆಗಲ್ವಾ? ಈ ಎಥನಾಲ್ ಪೆಟ್ರೋಲೂ ಪೈಪಲ್ಲೇ ಬರುತ್ತಾ?

ಲೈನ್ ಪೆಟ್ರೋಲ್ ಉತ್ತರ:

ಬೆರಕೆ ಆಗುತ್ತದೆ, ಆದರೆ ತುದಿಯಲ್ಲಿ ಮಾತ್ರ. ಮಧ್ಯೆ ತಡೆಗೋಡೆ ಏನೂ ಇರಲ್ಲ. ಹರಿವು ಜೋರಾಗಿದ್ದರೆ ಬೆರಕೆಯ ತುಂಡು ಚಿಕ್ಕದಾಗಿಯೇ ಉಳಿಯುತ್ತದೆ, ಪಂಪು ನಿಂತರೆ ಉದ್ದವಾಗುತ್ತದೆ. ಅದಕ್ಕೇ ಬೆರಕೆಯ ತುಂಡು ಗುಡ್ಡದ ಇಳಿಜಾರಿನಲ್ಲಿ ಇರುವಾಗ ಲೈನ್ ನಿಲ್ಲಿಸಲು ಯಾರಿಗೂ ಇಷ್ಟವಿಲ್ಲ. ಕೆಲವು ಸಲ ಎರಡರ ನಡುವೆ ಸೀಮೆಎಣ್ಣೆಯ ತುಂಡು ಇಟ್ಟು ಕಳಿಸುವುದೂ ಉಂಟು. ಡಿಪೋದಲ್ಲಿ ಸಾಂದ್ರತೆಯ ಮೀಟರ್ ನೋಡಿ ಕತ್ತರಿಸುತ್ತಾರೆ: ಘನ ಮೀಟರಿಗೆ ಪೆಟ್ರೋಲ್ 720ರಿಂದ 775 ಕೆ.ಜಿ., ಡೀಸೆಲ್ 800ರ ಮೇಲೆ, ನಡುವಿನದು ಬೇರೆ ಟ್ಯಾಂಕಿಗೆ. ಅದನ್ನು ಗುಣಮಟ್ಟ ಕೆಡದಷ್ಟು ಸಣ್ಣ ಪ್ರಮಾಣದಲ್ಲಿ ಮತ್ತೆ ಸೇರಿಸುತ್ತಾರೆ, ಇಲ್ಲವೇ ರಿಫೈನರಿಗೆ ವಾಪಸ್. ಡೀಸೆಲಿಗೆ ಪೆಟ್ರೋಲ್ ಹೆಚ್ಚು ಬಿದ್ದರೆ ಬೆಂಕಿ ಹಿಡಿಯುವ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿಯುತ್ತದೆ, ಪೆಟ್ರೋಲಿಗೆ ಡೀಸೆಲ್ ಬಿದ್ದರೆ ಕೊನೆಯ ಕುದಿಬಿಂದು 210 ಡಿಗ್ರಿ ದಾಟುತ್ತದೆ. ಎರಡೂ ಫೇಲ್.

ಎಥನಾಲ್ ಪೈಪಲ್ಲಿ ಬರಲ್ಲ. ಅದು ನೀರನ್ನು ಎಳೆದುಕೊಳ್ಳುವ ಜಾತಿ, ಉದ್ದದ ಪೈಪಿನಲ್ಲಿ ಎಲ್ಲೋ ತಳಕ್ಕೆ ಕೂತ ನೀರನ್ನೂ ಹೊತ್ತು ತಂದುಬಿಡುತ್ತದೆ. ಅದಕ್ಕೆ ಪೈಪಲ್ಲಿ ಬರೀ ಪೆಟ್ರೋಲ್, ಡಿಪೋದಲ್ಲಿ ಎಥನಾಲ್ ಬೆರಕೆ. ಬಂಕಿನ ನೆಲದಡಿ ಟ್ಯಾಂಕಿಗೆ ಮಳೆನೀರು ಇಳಿದರೂ ಇದೇ ಕಥೆ: ಎಥನಾಲ್ ನೀರಿನ ಜೊತೆ ತಳಕ್ಕಿಳಿಯುತ್ತದೆ, ಮೇಲಿನ ಪೆಟ್ರೋಲಿನ ಆಕ್ಟೇನ್ ಬೀಳುತ್ತದೆ. ನೀರು ಇದೆಯಾ ನೋಡಲು ಡಿಪ್ ರಾಡಿಗೆ (ಟ್ಯಾಂಕ್ ಅಳೆಯುವ ಕೋಲು) ಹಚ್ಚುವ ಹಳೆಯ ಪೇಸ್ಟು ಎಥನಾಲ್ ಬೆರೆತ ನೀರನ್ನು ಸರಿಯಾಗಿ ತೋರಿಸಲ್ಲ, ಅದಕ್ಕೆ ಬೇರೆ ಪೇಸ್ಟು ಬರುತ್ತದೆ. ಗಿರಾಕಿ ಸಾಂದ್ರತೆ ಅಳೆಸಿ ನೋಡಬಹುದು, ಇನ್‌ವಾಯ್ಸಿನ ಅಂಕಿಗೂ ಟ್ಯಾಂಕಿನ ಅಂಕಿಗೂ ಮೂರಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು.

ತುಮಕೂರು ಲೋಡು ಉತ್ತರ:

ಭದ್ರತೆಯ ಬಗ್ಗೆ ಯಾರೂ ಸರಿಯಾಗಿ ಮುಟ್ಟಲಿಲ್ಲ. ನನ್ನ ಪ್ರಕಾರ ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ದುರ್ಬಲ ಕೊಂಡಿ ನೆಲದಡಿಯ ಪೈಪಲ್ಲ, ಅದರ ಕೊನೆಯ ನೂರು ಕಿಲೋಮೀಟರ್.

ಮಂಗಳೂರಿಂದ ದೇವನಗೊಂದಿಗೆ 360 ಕಿ.ಮೀ. ಚಿಲ್ಲರೆ. ಸೆಕೆಂಡಿಗೆ ಒಂದೂವರೆ ಮೀಟರ್ ಹರಿವು ಅಂದರೆ ಸರಕು ಬರಲು ಮೂರು ದಿನದ ಹತ್ತಿರ. ಪೈಪು ಹಗಲು ರಾತ್ರಿ ಹರಿಯುತ್ತದೆ, ಮುಷ್ಕರ ಮಾಡಲ್ಲ. ಪೈಪಿನ ಬಾಯಿಂದ ಬಂಕಿನವರೆಗೆ ಮಾತ್ರ ಟ್ಯಾಂಕರ್. ಹಳ್ಳಿ ಬಂಕಿನಲ್ಲಿ ಡೀಸೆಲಿಗೆ 20 ಕಿಲೋಲೀಟರ್ ಟ್ಯಾಂಕ್ ಅಂದುಕೊಳ್ಳಿ. ತಳದ ಒಂದು ಒಂದೂವರೆ ಕಿಲೋಲೀಟರ್ ಪಂಪಿಗೆ ಸಿಗಲ್ಲ, ಮೇಲೆ ಸ್ವಲ್ಪ ಖಾಲಿ ಬಿಡಬೇಕು. ದಿನಕ್ಕೆ ಮೂರು ಕಿಲೋಲೀಟರ್ ವ್ಯಾಪಾರ ಇದ್ದರೆ ತುಂಬಿದ ಟ್ಯಾಂಕೇ ಐದಾರು ದಿನ. ಡೀಲರ್ ಮುಂಗಡ ದುಡ್ಡು ಕಟ್ಟಿ ಲೋಡು ತರಿಸುವುದರಿಂದ ಯಾವಾಗಲೂ ತುಂಬಿಸಿಡಲ್ಲ, ಸಾಮಾನ್ಯ ದಿನದಲ್ಲಿ ಎರಡು ಮೂರು ದಿನದ ಸರಕು ಇರುತ್ತದೆ. ಟ್ಯಾಂಕರ್ ಮುಷ್ಕರದ ಸುದ್ದಿ ವಾಟ್ಸಾಪಿಗೆ ಬಂದ ದಿನ ಎಲ್ಲರೂ ಕ್ಯಾನ್ ಹಿಡಿದು ಓಡಿದರೆ ಆ ಎರಡು ದಿನ ಅರ್ಧ ದಿನವಾಗುತ್ತದೆ. ಮಾಲೂರಿಗೆ ಇನ್ನೊಂದು ಪೈಪು ಬಂದು ಅದೂ ದೇವನಗೊಂದಿಯಲ್ಲೇ ಕೊನೆಯಾದರೆ ನಮ್ಮ ತೊಂದರೆ ತೊಂದರೆಯಾಗೇ ಉಳಿಯುತ್ತದೆ. ತುಮಕೂರು ದಿಕ್ಕಿನಲ್ಲಿ ಒಂದು ಸಣ್ಣ ಡಿಪೋ ಇದ್ದರೆ ಅದು ಹೆಚ್ಚು ಕೆಲಸಕ್ಕೆ ಬರುತ್ತದೆ. ತಿಪಟೂರು ಕಡೆಯವರಿಗೆ ಹಾಸನದ ಡಿಪೋ ಹತ್ತಿರ, ಸಿರಾ, ಪಾವಗಡದವರಿಗೆ ಯಾವುದೂ ಹತ್ತಿರವಿಲ್ಲ.

"ಪಾದೂರಿನಲ್ಲಿ, ಮಂಗಳೂರಿನಲ್ಲಿ ನೆಲದಡಿ ತೈಲ ಸಂಗ್ರಹ ಇದೆಯಲ್ಲ" ಅನ್ನುವವರಿಗೆ: ಇದೆ. ಪಾದೂರು 25 ಲಕ್ಷ ಟನ್, ಮಂಗಳೂರು 15 ಲಕ್ಷ ಟನ್, ವಿಶಾಖಪಟ್ಟಣ 13.3 ಲಕ್ಷ ಟನ್. ಮೂರೂ ತುಂಬಿದರೆ ದೇಶಕ್ಕೆ ಒಂಬತ್ತೂವರೆ ದಿನ ಅಂತ ಲೆಕ್ಕ. ಆದರೆ ಅದು ಕಚ್ಚಾ ತೈಲ. ರಿಫೈನರಿಗೆ ಹೋಗಿ, ಪೈಪಿಗೆ ಬಿದ್ದು, ಟ್ಯಾಂಕರ್ ಏರಬೇಕು.

ಪೈಪಿನ ಶತ್ರು ಯಾರು ಅಂದರೆ ಜನ ಭಯೋತ್ಪಾದಕರ ಹೆಸರು ಹೇಳುತ್ತಾರೆ. ದಿನನಿತ್ಯದ ಶತ್ರು ಜೆಸಿಬಿ. ನೀರಿನ ಪೈಪು, ಕೇಬಲ್, ಲೇಔಟ್ ಚರಂಡಿ ತೋಡುವಾಗ ಹಲ್ಲು ತಾಗುತ್ತದೆ. ತೂತಾದರೆ ಆ ಕ್ಷಣ ಗೊತ್ತಾಗುತ್ತದೆ. ಗೀಚಿ ಬಿಟ್ಟರೆ ಡ್ರೈವರ್ ಮಣ್ಣು ಮುಚ್ಚಿ ಹೋಗುತ್ತಾನೆ, ಲೇಪ ಕಿತ್ತ ಜಾಗ ವರ್ಷಗಟ್ಟಲೆ ತುಕ್ಕು ತಿನ್ನುತ್ತದೆ. ತುಕ್ಕು ತಡೆಯಲು ಪೈಪಿಗೆ ಸಣ್ಣ ಪ್ರಮಾಣದ ವಿದ್ಯುತ್ ಕೊಟ್ಟು ಋಣ 0.85 ವೋಲ್ಟ್‌ಗಿಂತ ಕೆಳಗೆ ಇಟ್ಟಿರುತ್ತಾರೆ, ಸುಮಾರು ಕಿಲೋಮೀಟರಿಗೊಂದರಂತೆ ಇರುವ ಅಳತೆ ಕಂಬಗಳು ಅದಕ್ಕೇ. ಹೊಲದಲ್ಲಿ ಅಡ್ಡ ಅಂತ ಅವನ್ನು ಕಿತ್ತು ಬದುವಿಗೆ ಎಸೆಯಬೇಡಿ, ಒಳಗಿನ ತಂತಿ ಕಿತ್ತರೆ ಆ ತುಂಡಿನ ಅಳತೆಯೇ ಸಿಗಲ್ಲ. ಅಗೆಯುವ ಮುಂಚೆ ತಿಳಿಸಲು 2023ರಲ್ಲಿ ಕೇಂದ್ರ ಸರ್ಕಾರ "ಕಾಲ್ ಬಿಫೋರ್ ಯು ಡಿಗ್" ಅನ್ನುವ ಆ್ಯಪ್ ತಂದಿದೆ. ಪಂಚಾಯಿತಿ ಗುತ್ತಿಗೆದಾರರಲ್ಲಿ ಅದನ್ನು ಬಳಸುವವರು ಎಷ್ಟು ಅಂತ ಕೇಳಬೇಡಿ.

ಕಳ್ಳತನಕ್ಕೆ ಬರೋಣ. ಪೈಪಿಗೆ ಅಕ್ರಮ ಸಂಪರ್ಕ ಕೊಟ್ಟರೆ ಹತ್ತು ವರ್ಷದವರೆಗೆ ಕಠಿಣ ಶಿಕ್ಷೆ. 2011ರ ತಿದ್ದುಪಡಿಯ ನಂತರ ವಿಧ್ವಂಸಕ ಕೃತ್ಯಕ್ಕೆ ಜೀವಾವಧಿ, ಮರಣದಂಡನೆಯವರೆಗೂ ಇದೆ. ಹೊಲದವನಿಗೆ ಸುಮ್ಮನೆ ಶಿಕ್ಷೆಯಾಗಲ್ಲ, ಆದರೆ ಪೊಲೀಸರು ಮೊದಲು ಕರೆದು ಕೇಳುವುದು ಅವನನ್ನೇ. ಪಟ್ಟಿಯ ಪಕ್ಕದ ಶೆಡ್ಡನ್ನು ಹೊರಗಿನವರು ಕೇಳಿದ್ದಕ್ಕಿಂತ ಜಾಸ್ತಿ ಬಾಡಿಗೆ ಕೊಟ್ಟು ಹಿಡಿದರೆ, ಏನೂ ವ್ಯವಹಾರ ಕಾಣದೆ ರಾತ್ರಿ ಹೊತ್ತು ಲಾರಿ ಬಂದು ಹೋದರೆ, ಹೊಸ ಮಣ್ಣು ಎದ್ದ ಗುರುತು ಕಂಡರೆ ಪೈಪಿನ ದಾರಿ ತೋರಿಸುವ ಮಾರ್ಕರ್ ಕಂಬದ ಮೇಲಿನ ನಂಬರಿಗೆ ಹೇಳಿಬಿಡಿ. ಬಾಡಿಗೆ ಕರಾರು, ಆಧಾರ್ ನಕಲು ಇಲ್ಲದೆ ಶೆಡ್ ಕೊಡಬೇಡಿ. ಆಪ್ಟಿಕಲ್ ಫೈಬರ್ ಮೂಲಕ ಅಗೆತದ ಕಂಪನ ಹಿಡಿಯುವ ವ್ಯವಸ್ಥೆ, ಡ್ರೋನು, ಜಿಪಿಎಸ್ ಹಿಡಿದು ನಡೆಯುವ ಲೈನ್‌ಮನ್ ಎಲ್ಲಾ ಇದ್ದಾರೆ. ಆದರೂ ಮೊದಲು ಕಾಣುವುದು ಅಕ್ಕಪಕ್ಕದ ಹೊಲದವರ ಕಣ್ಣಿಗೇ.

ಪೈಪು ಗಟ್ಟಿ ಇದ್ದರೂ ನಿಲ್ಲಬಹುದು ಅನ್ನುವುದಕ್ಕೆ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಉದಾಹರಣೆ. 2021ರ ಮೇ 7ರಂದು ಹ್ಯಾಕರುಗಳು ಕಚೇರಿಯ ಕಂಪ್ಯೂಟರುಗಳಿಗೆ ಬೀಗ ಹಾಕಿದರು. ಪೈಪಿಗೆ ಏನೂ ಆಗಿರಲಿಲ್ಲ, ಕಂಪನಿಯೇ ಹೆದರಿ 8,850 ಕಿ.ಮೀ. ಲೈನ್ ನಿಲ್ಲಿಸಿತು, ಮತ್ತೆ ಶುರುವಾಗಿದ್ದು 12ಕ್ಕೆ. 75 ಬಿಟ್‌ಕಾಯಿನ್ ಸುಲಿಗೆ ಕೊಟ್ಟರು. ಒಳಗೆ ನುಗ್ಗಲು ದಾರಿಯಾದದ್ದು ಹಳೆಯ ಒಂದು ಪಾಸ್‌ವರ್ಡ್.

ಮಾಲೂರು ಮಣ್ಣು ಬರೆದದ್ದು:

ತುಂಬಾ ಉಪಕಾರ ಆಯ್ತು. ಎರಡೇ ಪ್ರಶ್ನೆ. ಟೊಮೆಟೊಗೆ ನೆಡುವ ನೀಲಗಿರಿ ಕೋಲು, ದ್ರಾಕ್ಷಿ ಚಪ್ಪರದ ಕಲ್ಲುಕಂಬ ಇವಕ್ಕೆ ಅಡ್ಡಿ ಇದೆಯಾ? ವಾಸನೆ ಬಂದರೆ ಮೊದಲು ಏನು ಮಾಡಬೇಕು?

ಲೈನ್ ಪೆಟ್ರೋಲ್ ಉತ್ತರ:

ಟೊಮೆಟೊ ಕೋಲು ಒಂದಡಿ ಹೋಗುತ್ತದೆ, ತೊಂದರೆಯಿಲ್ಲ. ಕಲ್ಲುಕಂಬ ಎರಡು ಎರಡೂವರೆ ಅಡಿ ಇಳಿಯುತ್ತದೆ, ಪೈಪಿನ ನೆತ್ತಿಗೂ ಅದಕ್ಕೂ ಅಂತರ ಗೇಣಿನಷ್ಟು ಉಳಿಯಬಹುದು. ಮೇಲಾಗಿ ಅದು ಕಾಯಂ ರಚನೆ, ಒಪ್ಪಲ್ಲ. ಈಗಾಗಲೇ ಚಪ್ಪರ ಇದ್ದರೆ ಕಂಬ, ತಂತಿ, ಬಳ್ಳಿ ಎಲ್ಲದಕ್ಕೂ ನಷ್ಟ ಬರೆಸಿ.

ವಾಸನೆ ಬಂದರೆ ಮೋಟಾರ್ ಸ್ವಿಚ್ ಮುಟ್ಟಬೇಡಿ, ಹಾಕುವುದೂ ಬೇಡ, ಆರಿಸುವುದೂ ಬೇಡ. ಬೈಕ್ ಸ್ಟಾರ್ಟ್ ಮಾಡದೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆಗೆ ನಡೆದು ದೂರ ಹೋಗಿ, ಅಲ್ಲಿಂದ ಕಂಬದ ಮೇಲಿನ ನಂಬರಿಗೂ 112ಕ್ಕೂ ಫೋನ್ ಮಾಡಿ, ಕಂಬದ ಮೇಲಿರುವ ಕಿಲೋಮೀಟರ್ ಅಂಕಿ ಹೇಳಿ. ಆ ಅಂಕಿ ಹೇಳಿದರೆ ಯಾವ ವಾಲ್ವ್ ಮುಚ್ಚಬೇಕು ಅಂತ ಅವರಿಗೆ ತಕ್ಷಣ ಗೊತ್ತಾಗುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಹಳ್ಳ, ತೆರೆದ ಬಾವಿ, ಕಾಲುವೆಯಲ್ಲಿ ಕೂರುತ್ತದೆ, ಆ ಕಡೆ ದನ ಬಿಡಬೇಡಿ. ತುಮಕೂರು ಜಿಲ್ಲೆ ಹಾದು ಹೋಗುವ ದಾಭೋಳ–ಬೆಂಗಳೂರು ಲೈನ್ ನೈಸರ್ಗಿಕ ಅನಿಲದ್ದು, ಅದು ಮೇಲಕ್ಕೇರುತ್ತದೆ, ಅಲ್ಲಿ ಸದ್ದು ಮೊದಲು ಕೇಳಿಸುತ್ತದೆ. ಕ್ಯಾನು, ಬಕೆಟ್ ಹಿಡಿದು ಎಣ್ಣೆ ತುಂಬಿಕೊಳ್ಳಲು ಹತ್ತಿರ ಹೋಗುವವರನ್ನು ಗದರಿಸಿಯಾದರೂ ತಡೆಯಿರಿ. ನಿಮ್ಮ ಬೋರ್ ನೀರಿನಲ್ಲಿ ಯಾವಾಗಲಾದರೂ ವಾಸನೆ ಬಂದರೆ ಗಾಜಿನ ಬಾಟಲಿಯಲ್ಲಿ ಬಾಯಿಮಟ್ಟ ತುಂಬಿ ಮುಚ್ಚಿ, ತಾರೀಕು ಬರೆದು, ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೆ ಕೊಡಿ; ಪ್ಲಾಸ್ಟಿಕ್ ಬಾಟಲಿಗೆ ಹಿಡಿದರೆ ಪರೀಕ್ಷೆಯ ಫಲಿತಾಂಶಕ್ಕೆ ಬೆಲೆಯಿಲ್ಲ.